ಸೆರೆಯ ಸರ್ಪದ ಆಹಾರ: ಇಡಿ ಪ್ರಾಣಿಯೇ ಏಕೆ?

ಮನುಷ್ಯನು ಯಾವ ಪ್ರಾಣಿಯನ್ನು ತನ್ನ ಆಶ್ರಯಕ್ಕೆ ತಂದುಕೊಂಡನೋ ಅದಕ್ಕೆ ಏನನ್ನು, ಎಷ್ಟನ್ನು ತಿನ್ನಿಸಬೇಕೆಂಬ ಪ್ರಶ್ನೆಯನ್ನು ಅವನು ಮೊದಲು ಎದುರಿಸಬೇಕಾಯಿತು. ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಲಿಖಿತವಾದ ಉತ್ತರಗಳ ಪರಂಪರೆಯೊಂದು ಉಂಟು. ಕೌಟಿಲ್ಯನ ಅರ್ಥಶಾಸ್ತ್ರವು ರಾಜನ ಕುದುರೆಗಳಿಗೂ ಆನೆಗಳಿಗೂ ಸಲ್ಲತಕ್ಕ ಆಹಾರದ ಪ್ರಮಾಣವನ್ನು ಗೊತ್ತುಪಡಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ ೧೧೨೬–೧೧೩೮) ಮಾನಸೋಲ್ಲಾಸದಲ್ಲಿ ಆನೆ ಕುದುರೆಗಳ ಮಾತು ಹಾಗಿರಲಿ, ಯಾವ ಮೀನಿಗೆ ಯಾವ ತಿನಿಸನ್ನು ಒಡ್ಡಬೇಕೆಂಬ ವಿವರ ಕೂಡ ದೊರೆಯುತ್ತದೆ. ಆದರೆ ಹಾವು ಲಾಯದ ಪ್ರಾಣಿಯಲ್ಲ, ಗಜಶಾಲೆಯ ಪ್ರಾಣಿಯೂ ಅಲ್ಲ. ಅದನ್ನು ಜನರು ಪೂಜಿಸಿದರು, ಇಲ್ಲವೆ ಹೊಡೆದು ಕೊಂದರು. ಅದನ್ನು ಹಿಡಿದು ಇಟ್ಟುಕೊಂಡವರು ಹಾವಾಡಿಗರು. ಅವರ ತಿಳಿವಳಿಕೆಯಾದರೋ ಬಾಯಿಂದ ಬಾಯಿಗೆ ಸಾಗಿತೇ ಹೊರತು ಓಲೆಗರಿಯನ್ನು ಸೇರಲಿಲ್ಲ.

ಹಾವನ್ನು ಕುರಿತು ನಮ್ಮವರು ಬರೆದದ್ದು ಹೆಚ್ಚಾಗಿ ಅದರ ವಿಷವನ್ನು ಕುರಿತು. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ಇದಕ್ಕೆ ಕನ್ನಡದ ಶ್ರೇಷ್ಠ ನಿದರ್ಶನ. ವಿಷ ಮತ್ತು ಅದರ ಚಿಕಿತ್ಸೆಯೇ ಆ ಗ್ರಂಥದ ಪ್ರಧಾನ ವಸ್ತು. ಇದು ಸಹಜವೇ. ಕಚ್ಚಿಸಿಕೊಂಡವನಿಗೆ ಹಾವಿನ ಹೊಟ್ಟೆಯ ಚಿಂತೆ ಏಕೆ? ಆದರೆ ಇಂದು ಕಾಲ ಬದಲಾಗಿದೆ. ಮೃಗಾಲಯಗಳಲ್ಲಿ ಹಾವುಗಳ ಪೋಷಣೆ ಒಂದು ಹೊಣೆಗಾರಿಕೆಯಾಗಿದೆ. ಆಫ್ರಿಕದ ಬಾಲ್ ಪೈಥಾನ್, ಅಮೆರಿಕದ ಕಾರ್ನ್ ಸ್ನೇಕ್ ಮೊದಲಾದ ಹೊರನಾಡಿನ ಹಾವುಗಳು ಭಾರತದ ನಗರಗಳ ಮನೆಗಳನ್ನೂ ಹೊಕ್ಕಿವೆ. ಆದಕಾರಣ, ಸೆರೆಯಲ್ಲಿರುವ ಹಾವಿಗೆ ಏನನ್ನು ಉಣಿಸಬೇಕು ಎಂಬುದನ್ನೂ, ಈ ಪ್ರಶ್ನೆಗೆ ಉತ್ತರವು ಯಾವ ಯಾವ ಹಂತಗಳಲ್ಲಿ ದೊರೆಯಿತು ಎಂಬುದನ್ನೂ ಪ್ರಕೃತ ಲೇಖನದಲ್ಲಿ ಸ್ಥೂಲವಾಗಿ ವಿವೇಚಿಸಲು ಬಯಸುತ್ತೇವೆ.

೧. ಹಾಲಿನ ಪಾಠ

ಕನ್ನಡ ನಾಡಿನಲ್ಲಿ ಹಾವಿನ ಆಹಾರವೆಂದೊಡನೆ ನೆನಪಾಗುವುದು ಹಾಲು. ಕಲ್ಲಿನ ನಾಗನಿಗೆ ಹಾಲೆರೆಯುವ ರೂಢಿಯು ಹನ್ನೆರಡನೆಯ ಶತಮಾನದಲ್ಲಿ ಇದ್ದಿತೆಂಬುದಕ್ಕೆ ಬಸವಣ್ಣನವರ ವಚನವೊಂದೇ ಸಾಕ್ಷಿ. ನಾಗರಕಲ್ಲಿಗೆ ಎರೆದ ಹಾಲು ಭಕ್ತಿಯ ವಿಷಯ. ಅದರ ಬಗ್ಗೆ ನಾವು ಏನನ್ನೂ ಹೇಳಬೇಕಾಗಿಲ್ಲ. ಆದರೆ ಅದೇ ಹಾಲನ್ನು ಜೀವಂತ ಹಾವಿನ ಬಾಯಿಗೆ ಹಿಡಿದಾಗ ಪ್ರಶ್ನೆ ಬೇರೆಯಾಗುತ್ತದೆ.

ಹಾವಿನ ಕುಲದಲ್ಲಿ ಮೊಲೆಹಾಲು ಎಂಬುದೇ ಇಲ್ಲ. ಯಾವ ಹಾವಿನ ಮರಿಯೂ ತಾಯಿಯ ಹಾಲನ್ನು ಕುಡಿದು ಬೆಳೆದದ್ದಲ್ಲ. ಆದ್ದರಿಂದ ಹಾಲನ್ನು ಅರಗಿಸಿಕೊಳ್ಳುವ ಏರ್ಪಾಡು ಅದರ ದೇಹದಲ್ಲಿ ಇರಬೇಕಾದ ಕಾರಣವೇ ಇಲ್ಲ. ಹಾಗಾದರೆ ನಾಗರಪಂಚಮಿಯಂದು ಹಾವು ಹಾಲು ಕುಡಿಯುವುದನ್ನು ಕಂಡವರ ಕಣ್ಣು ಸುಳ್ಳೇ? ಸುಳ್ಳಲ್ಲ. ಹಬ್ಬಕ್ಕೆ ಮೊದಲು ಹಲವು ದಿನಗಳ ಕಾಲ ಬುಟ್ಟಿಯಲ್ಲಿ ನೀರಿಲ್ಲದೆ ಇಟ್ಟ ಹಾವು, ಬಾಯಾರಿಕೆಯನ್ನು ತಾಳಲಾರದೆ, ಎದುರಿಗೆ ಬಂದ ದ್ರವವನ್ನು ಹೀರುತ್ತದೆ. ಅದು ಕುಡಿದದ್ದು ಹಾಲನ್ನಲ್ಲ, ತನ್ನ ಪಾಲಿನ ನೀರನ್ನು ಎನ್ನಬೇಕು. ಹಾಲು ಶ್ವಾಸಕೋಶವನ್ನು ಸೇರಿ ಸೋಂಕು ತಗಲುವುದೂ, ಹಲ್ಲು ಕೀಳಿಸಿಕೊಂಡ ಬಾಯಿ ಕೊಳೆಯುವುದೂ, ಹಬ್ಬ ಮುಗಿದ ಕೆಲವು ದಿನಗಳಲ್ಲಿ ಹಾವು ಸಾಯುವುದೂ ವನ್ಯಜೀವಿಗಳನ್ನು ರಕ್ಷಿಸುವವರಿಗೆ ಪರಿಚಿತವಾದ ಸಂಗತಿಗಳು. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಿಂದ ನಾಗರಹಾವು, ಕೇರೆಹಾವು, ಹೆಬ್ಬಾವು ಮುಂತಾದ ನಮ್ಮ ಹಾವುಗಳನ್ನು ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧವಾಗಿದ್ದರೂ ಈ ಪದ್ಧತಿಯು ಪೂರ್ತಿ ಅಳಿದಿಲ್ಲ.

ಇದರಿಂದ ಒಂದು ಸಾಮಾನ್ಯ ತತ್ತ್ವವನ್ನು ಎತ್ತಿಕೊಳ್ಳಬಹುದು. ಹಾಲೆರೆದವನಲ್ಲಿ ದ್ವೇಷವಿಲ್ಲ, ತನಗೆ ಶ್ರೇಷ್ಠವೆಂದು ತೋರಿದ್ದನ್ನೇ ಅವನು ಹಾವಿಗೆ ಕೊಟ್ಟನು. ತಪ್ಪು ಇದ್ದದ್ದು ಪ್ರೀತಿಯಲ್ಲಲ್ಲ, ಪ್ರಮಾಣದಲ್ಲಿ. ಅವನು ತನ್ನ ಅಡುಗೆಮನೆಯನ್ನು ಪ್ರಮಾಣವಾಗಿ ಹಿಡಿದನೇ ಹೊರತು ಹಾವಿನ ಹೊಟ್ಟೆಯನ್ನು ಹಿಡಿಯಲಿಲ್ಲ. ಹಾವಿಗೆ ಮಾಂಸದ ತುಂಡುಗಳನ್ನು ಕೊಡುವ ಇಂದಿನ ನಗರವಾಸಿಯ ತಪ್ಪೂ ಇದೇ ಜಾತಿಯದು ಎಂಬುದನ್ನು ಮುಂದೆ ಕಾಣುವೆವು.

೨. ಹೊಟ್ಟೆಯನ್ನು ತೆರೆದು ನೋಡಿದವರು

ಭಾರತದ ಹಾವುಗಳ ಆಧುನಿಕ ಅಧ್ಯಯನವು ಪ್ಯಾಟ್ರಿಕ್ ರಸೆಲ್‌ನಿಂದ ಮೊದಲಾಗುತ್ತದೆಂದು ಹೇಳುವುದು ವಾಡಿಕೆ. ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ಈ ವೈದ್ಯನ ಭಾರತೀಯ ಸರ್ಪಗಳ ಗ್ರಂಥವು ೧೭೯೬ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಇವನ ಹೆಸರೇ ಇದೆ. ರಸೆಲ್‌ನ ಮುಖ್ಯ ಪ್ರಶ್ನೆ, ಯಾವ ಹಾವು ವಿಷದ್ದು, ಯಾವುದು ಅಲ್ಲ ಎಂಬುದು. ಕೋಳಿಗಳನ್ನೂ ನಾಯಿಗಳನ್ನೂ ಹಾವಿನಿಂದ ಕಚ್ಚಿಸಿ ಪರಿಣಾಮವನ್ನು ಅವನು ಬರೆದಿಟ್ಟನು. ೧೮೭೨ರಲ್ಲಿ ಪ್ರಕಟವಾದ ಜೋಸೆಫ್ ಫೇರರ್‌ನ ದೊಡ್ಡ ಗ್ರಂಥವೂ ವಿಷಸರ್ಪಗಳನ್ನು ಕುರಿತದ್ದೇ. ಇವರ ಪುಟಗಳಲ್ಲಿ ಕೋಳಿಯು ಹಾವಿನ ಎದುರು ಬರುವುದು ಆಹಾರವಾಗಿ ಅಲ್ಲ, ವಿಷದ ಒರೆಗಲ್ಲಾಗಿ ಎಂಬುದು ಗಮನಾರ್ಹ. ಈ ಅರ್ಥದಲ್ಲಿ ಇವರು ನಮ್ಮ ಮಂಗರಾಜನಿಂದ ಬಹಳ ದೂರದವರಲ್ಲ.

ಪ್ರಶ್ನೆಯ ದಿಕ್ಕು ಬದಲಾದುದನ್ನು ಫ್ರಾಂಕ್ ವಾಲ್‌ನ (೧೮೬೮–೧೯೫೦) ಬರಹಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಸಿಂಹಳದಲ್ಲಿ ಹುಟ್ಟಿ ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದ ವಾಲ್, ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ೧೯೦೫ರಿಂದ ೧೯೧೯ರವರೆಗೆ ಭಾರತದ ಸಾಮಾನ್ಯ ಹಾವುಗಳ ಮೇಲೆ ಲೇಖನಮಾಲೆಯೊಂದನ್ನು ಬರೆದನು. ಸಿಕ್ಕ ಹಾವುಗಳ ಹೊಟ್ಟೆಯನ್ನು ಸೀಳಿ ಒಳಗೆ ಇಲಿ ಇದ್ದಿತೆ, ಕಪ್ಪೆ ಇದ್ದಿತೆ, ಓತಿಕ್ಯಾತ ಇದ್ದಿತೆ ಎಂದು ದಾಖಲಿಸುವುದು ಅವನ ಕ್ರಮ. ೧೯೨೧ರಲ್ಲಿ ಹೊರಬಂದ ಅವನ ಸಿಂಹಳದ ಹಾವುಗಳ ಗ್ರಂಥದಲ್ಲಿಯೂ ಇದೇ ಕ್ರಮವಿದೆ. ಇತಿಹಾಸಕಾರನು ಐತಿಹ್ಯವನ್ನು ಬದಿಗಿಟ್ಟು ಶಾಸನವನ್ನು ಓದುವಂತೆ, ವಾಲ್ ಹಾವಿನ ಜಠರವನ್ನು ಓದಿದನು. ಹಾವು ಏನನ್ನು ತಿನ್ನುತ್ತದೆಂಬುದಕ್ಕೆ ಇದಕ್ಕಿಂತ ನಂಬಲರ್ಹವಾದ ದಾಖಲೆ ಬೇರೆ ಯಾವುದು?

ಅತ್ತ ಯೂರೋಪಿನಲ್ಲಿ ಸೆರೆಯ ಹಾವುಗಳೇ ಪಾಠ ಕಲಿಸಿದವು. ಲಂಡನ್ನಿನ ಮೃಗಾಲಯದಲ್ಲಿ ೧೮೪೯ರಲ್ಲಿ ತೆರೆದ ಉರಗಶಾಲೆಯು ಆ ಬಗೆಯ ಮೊದಲನೆಯದು. ಆ ಶತಮಾನದ ನಡುವಿನ ವರ್ಷಗಳಲ್ಲಿ ಅಲ್ಲಿಯ ಬೋವಾ ಹಾವೊಂದು ತನ್ನ ಪಂಜರದ ಕಂಬಳಿಯನ್ನೇ ನುಂಗಿ, ಹಲವು ವಾರಗಳ ಮೇಲೆ ಅದನ್ನು ಹೊರಕ್ಕೆ ಕಕ್ಕಿದ ಪ್ರಸಂಗ ಪ್ರಸಿದ್ಧವಾಗಿದೆ. ನಗೆ ಬರಿಸುವ ಈ ಘಟನೆಯಲ್ಲಿ ಒಂದು ತಥ್ಯವಿದೆ. ನುಂಗಲು ತೊಡಗಿದ ಹಾವಿಗೆ ಕಣ್ಣಿನ ವಿವೇಕ ಬಹಳವಿಲ್ಲ. ವಾಸನೆ ಮತ್ತು ಬಿಸುಪು ಅದನ್ನು ನಡೆಸುತ್ತವೆ. ೧೯೨೩ರಲ್ಲಿ ಅಲ್ಲಿಯ ಉರಗ ವಿಭಾಗದ ಮೇಲ್ವಿಚಾರಕಿಯಾದ ಜೋನ್ ಪ್ರಾಕ್ಟರ್ ಎಂಬ ವಿದುಷಿಯು ರೂಪಿಸಿದ ಹೊಸ ಉರಗಶಾಲೆಯು ೧೯೨೭ರಲ್ಲಿ ತೆರೆಯಿತು. ಬಿಸುಪು ಬೆಳಕುಗಳನ್ನು ಆಯಾ ಪ್ರಾಣಿಗೆ ತಕ್ಕಂತೆ ಒದಗಿಸುವುದು ಅಲ್ಲಿಯ ವಿಶೇಷ. ಹಾವಿನ ಆಹಾರವನ್ನು ಅದರ ಬಿಸುಪಿನಿಂದ ಬೇರ್ಪಡಿಸಿ ಯೋಚಿಸಲಾಗದು; ಸಾಕಷ್ಟು ಶಾಖವಿಲ್ಲದ ಹಾವು ತಿಂದದ್ದನ್ನು ಅರಗಿಸಲಾರದೆ ಕಕ್ಕಿಬಿಡುತ್ತದೆ.

೩. ಇಡಿ ಪ್ರಾಣಿ ಎಂದರೇನು?

ಹಾವುಗಳೆಲ್ಲವೂ ಮಾಂಸಾಹಾರಿಗಳು. ಅಗಿಯಲು ತಕ್ಕ ಹಲ್ಲುಗಳು ಅವಕ್ಕಿಲ್ಲ. ಹಿಂದಕ್ಕೆ ಬಾಗಿದ ಹಲ್ಲುಗಳು ಹಿಡಿಯುವುದಕ್ಕೆ ಮಾತ್ರ. ಕೆಳದವಡೆಯ ಎರಡು ಪಾರ್ಶ್ವಗಳು ಗಲ್ಲದ ತುದಿಯಲ್ಲಿ ಮೂಳೆಯಾಗಿ ಕೂಡಿಕೊಂಡಿಲ್ಲ. ಹಿಗ್ಗಬಲ್ಲ ತಂತುವಿನಿಂದ ಸೇರಿವೆ. ದವಡೆ ಕಳಚಿಕೊಳ್ಳುತ್ತದೆಂದು ಜನ ಹೇಳುವುದು ಸರಿಯಲ್ಲ. ಅದರ ಕಟ್ಟಡವೇ ಸಡಿಲವಾದದ್ದು. ಈ ಏರ್ಪಾಡಿನಿಂದ ಹಾವು ತನ್ನ ತಲೆಗಿಂತ ದಪ್ಪವಾದ ಪ್ರಾಣಿಯನ್ನು ಇಡಿಯಾಗಿ ನುಂಗಬಲ್ಲದು. ಅಂದರೆ ಅದರ ಊಟದಲ್ಲಿ ಮಾಂಸದ ಸಂಗಡ ಎಲುಬು, ಚರ್ಮ, ಕೂದಲು, ರಕ್ತ, ಯಕೃತ್ತು, ಕೊನೆಗೆ ಬೇಟೆಯ ಕರುಳಿನಲ್ಲಿದ್ದ ಕಾಳುಕಡ್ಡಿಯೂ ಸೇರಿರುತ್ತದೆ. ಎಲುಬಿನಿಂದ ಸುಣ್ಣದ ಅಂಶ, ಯಕೃತ್ತಿನಿಂದ ಎ ಜೀವಸತ್ವ, ದೇಹದ ತೇವದಿಂದ ನೀರು, ಹೀಗೆ ಒಂದೊಂದು ಭಾಗವೂ ಒಂದೊಂದು ಅಗತ್ಯವನ್ನು ಪೂರೈಸುತ್ತದೆ.

ಮಾಂಸದ ತುಂಡು ಏಕೆ ಸಾಲದು ಎಂಬುದು ಇದರಿಂದಲೇ ವಿದಿತವಾಗುತ್ತದೆ. ಬರಿಯ ಮಾಂಸಖಂಡದಲ್ಲಿ ರಂಜಕದ ಅಂಶವು ಸುಣ್ಣದ ಅಂಶಕ್ಕಿಂತ ಸುಮಾರು ಹದಿನೈದು ಇಪ್ಪತ್ತು ಪಟ್ಟು ಹೆಚ್ಚು. ಬಲಿತ ಇಡಿ ಸುಂಡಿಲಿಯಲ್ಲಾದರೋ ಈ ಲೆಕ್ಕ ತಲೆಕೆಳಗಾಗುತ್ತದೆ: ನೀರನ್ನು ಕಳೆದು ಉಳಿದ ಭಾಗದಲ್ಲಿ ಸುಣ್ಣವು ನೂರಕ್ಕೆ ಸುಮಾರು ೩, ರಂಜಕವು ಸುಮಾರು ೧.೭ ಇರುತ್ತದೆ. ಅದೇ ಶುಷ್ಕಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಸಸಾರಜನಕವೂ, ಸುಮಾರು ಕಾಲುಭಾಗ ಕೊಬ್ಬೂ ಇರುತ್ತವೆ. ಕೋಳಿಯ ಎದೆಮಾಂಸವನ್ನು ತಿಂಗಳುಗಟ್ಟಲೆ ತಿಂದ ಹಾವು ಹೊಟ್ಟೆ ತುಂಬಿದ್ದರೂ ಸುಣ್ಣಕ್ಕಾಗಿ ತನ್ನ ಮೂಳೆಗಳನ್ನೇ ಕರಗಿಸಿಕೊಳ್ಳಬೇಕಾಗುತ್ತದೆ. ಅದು ಹಸಿದು ಕೊರಗುವುದಿಲ್ಲ, ಉಂಡು ಕೊರಗುತ್ತದೆ.

ಹಾವಿನ ದೇಹವು ಇಡಿ ಪ್ರಾಣಿಗಾಗಿಯೇ ಸಜ್ಜಾಗಿದೆ ಎಂಬುದನ್ನು ಇತ್ತೀಚಿನ ಸಂಶೋಧನೆಗಳು ಇನ್ನಷ್ಟು ಸ್ಪಷ್ಟಪಡಿಸಿವೆ. ಬರ್ಮಾ ದೇಶದ ಹೆಬ್ಬಾವಿನ ಮೇಲೆ ಅಮೆರಿಕದ ಸೀಕರ್ ಮತ್ತು ಡೈಮಂಡ್ ಎಂಬ ವಿದ್ವಾಂಸರು ೧೯೯೮ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೊಡ್ಡ ಊಟವಾದ ಮೇಲೆ ಅದರ ಜೀವವ್ಯಾಪಾರದ ವೇಗವು ಉಪವಾಸದ ಸ್ಥಿತಿಗಿಂತ ನಲವತ್ತು ಪಟ್ಟಿನವರೆಗೆ ಏರುತ್ತದೆ. ಸಣ್ಣ ಕರುಳಿನ ತೂಕ ಇಮ್ಮಡಿಯಾಗುತ್ತದೆ. ಎರಡು ದಿನಗಳೊಳಗೆ ಹೃದಯದ ಕೆಳಕೋಣೆಯು ನೂರಕ್ಕೆ ೪೦ರಷ್ಟು ಬೆಳೆಯುತ್ತದೆಂದು ೨೦೦೫ರ ಇನ್ನೊಂದು ಅಧ್ಯಯನ ತೋರಿಸಿತು. ೨೦೨೫ರಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ಸಂಶೋಧಕರು ಇದೇ ಜಾತಿಯ ಹೆಬ್ಬಾವಿನ ಕರುಳಿನಲ್ಲಿ, ಎಲುಬಿನಿಂದ ಬಂದ ಹೆಚ್ಚುವರಿ ಸುಣ್ಣ ಮತ್ತು ರಂಜಕಗಳನ್ನು ಸಣ್ಣ ಕಣಗಳಾಗಿ ಕಟ್ಟಿ ಹೊರಹಾಕುವ ವಿಶೇಷ ಜೀವಕೋಶಗಳನ್ನು ವರ್ಣಿಸಿದರು. ಎಲುಬು ತೆಗೆದ ಇಲಿಯನ್ನು ತಿನ್ನಿಸಿದಾಗ ಆ ಕಣಗಳು ಕಾಣಲಿಲ್ಲ. ಅದೇ ಎಲುಬಿಲ್ಲದ ಆಹಾರಕ್ಕೆ ಸುಣ್ಣವನ್ನು ಬೆರೆಸಿ ಕೊಟ್ಟಾಗ ಮತ್ತೆ ಕಂಡವು. ಎಲುಬು ಹಾವಿನ ಊಟದಲ್ಲಿ ಕಸವಲ್ಲ, ನಿರೀಕ್ಷಿತವಾದ ಭಾಗ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

೪. ಪ್ರಾಣಿ ಪ್ರಾಣಿಗೂ ಭೇದ

ಇಡಿ ಪ್ರಾಣಿಯೇ ಆಗಬೇಕೆಂದು ಒಪ್ಪಿದ ಮೇಲೆ, ಯಾವ ಪ್ರಾಣಿ ಎಂಬ ಪ್ರಶ್ನೆ ಏಳುತ್ತದೆ. ಎಲ್ಲ ಪ್ರಾಣಿಗಳೂ ಸಮಾನವಲ್ಲ.

ಸಾಕಿದ ಹಾವುಗಳಿಗೆ ಹೆಚ್ಚಾಗಿ ಕೊಡುವುದು ಸುಂಡಿಲಿ ಮತ್ತು ಇಲಿ. ಕಣ್ಣು ತೆರೆಯದ, ಕೂದಲು ಬಾರದ ಸುಂಡಿಲಿಯ ಮರಿ ಒಂದೆರಡು ಗ್ರಾಂ ತೂಗುತ್ತದೆ; ಬಲಿತದ್ದು ೨೦ರಿಂದ ೩೦ ಗ್ರಾಂ. ಮರಿಯ ದೇಹದಲ್ಲಿ ನೂರಕ್ಕೆ ೮೦ರಷ್ಟು ನೀರೇ. ಎಲುಬು ಇನ್ನೂ ಗಟ್ಟಿಯಾಗಿರುವುದಿಲ್ಲ. ಹಾವಿನ ಮರಿಗೆ ಅದು ಒಪ್ಪುವ ಆಹಾರ. ಆದರೆ ಬೆಳೆದ ಹಾವಿಗೆ ಹತ್ತು ಇಲಿಮರಿಗಳು ಒಂದು ಬಲಿತ ಇಲಿಗೆ ಸಮವಾಗಲಾರವು. ಇನ್ನು ವಯಸ್ಸಾದ, ಕೊಬ್ಬಿದ ಹೆಗ್ಗಾತ್ರದ ಇಲಿಗಳು ಹಾವನ್ನೂ ಕೊಬ್ಬಿಸುತ್ತವೆ. ದೊಡ್ಡ ಹೆಬ್ಬಾವುಗಳಿಗೆ ಮೊಲವನ್ನು ಕೊಡುವ ವಾಡಿಕೆಗೆ ಇದೂ ಒಂದು ಕಾರಣ. ಅದರ ಮೈಯಲ್ಲಿ ಕೊಬ್ಬು ಕಡಿಮೆ.

ಒಂದು ದಿನದ ಕೋಳಿಮರಿ ೩೫–೪೦ ಗ್ರಾಂ ತೂಗುತ್ತದೆ, ಅಗ್ಗವಾಗಿ ಸಿಗುತ್ತದೆ. ಆದರೆ ಅದರ ಎಲುಬು ಎಳೆಯದು, ಸುಣ್ಣದ ಅಂಶ ಬಲಿತ ಸುಂಡಿಲಿಗಿಂತ ಕಡಮೆ. ಅದೊಂದನ್ನೇ ನಂಬಿದರೆ ಮಲ ಸಡಿಲವಾಗುತ್ತದೆಂಬುದು ಸಾಕುವವರ ಅನುಭವ. ಇಲಿಗಳ ನಡುವೆ ಆಗೀಗ ಕೋಳಿಮರಿಯನ್ನೋ ಲಾವಕ್ಕಿಯನ್ನೋ ಕೊಡುವುದು ಯುಕ್ತ.

ಮೀನಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಚಿನ್ನದ ಮೀನು, ಕಾರ್ಪ್ ಮೊದಲಾದ ಕೆಲವು ಜಾತಿಗಳ ಹಸಿ ಮೈಯಲ್ಲಿ ಬಿ೧ ಜೀವಸತ್ವವನ್ನು ನಾಶಪಡಿಸುವ ಥಯಾಮಿನೇಸ್ ಎಂಬ ದ್ರವ್ಯವಿದೆ. ೧೯೩೦ರ ದಶಕದಲ್ಲಿ ಅಮೆರಿಕದ ನರಿಸಾಕಣೆಯ ಕೇಂದ್ರಗಳಲ್ಲಿ ಹಸಿ ಮೀನು ತಿಂದ ನರಿಗಳಿಗೆ ಪಾರ್ಶ್ವವಾಯುವಿನಂಥ ರೋಗ ಬಂದಾಗ ಈ ಸಂಗತಿ ಬೆಳಕಿಗೆ ಬರಲು ದಾರಿಯಾಯಿತು. ಮೀನನ್ನೇ ತಿನ್ನುವ ಅಮೆರಿಕದ ಗಾರ್ಟರ್ ಹಾವುಗಳು ಸೆರೆಯಲ್ಲಿ ಇಂಥ ಮೀನುಗಳನ್ನು ಮಾತ್ರ ತಿಂದಾಗ ಮೈ ತಿರುಚಿ, ಸೆಳವು ಬಂದು ಸಾಯುತ್ತವೆ. ಮಂಜುಗಟ್ಟಿಸಿದರೆ ಈ ದ್ರವ್ಯ ನಾಶವಾಗುವುದಿಲ್ಲ. ಮೀನನ್ನು ೮೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಐದು ನಿಮಿಷ ಇಟ್ಟರೆ ನಾಶವಾಗುತ್ತದೆ. ಆಹಾರವು ಇಡಿಯಾಗಿರುವುದಷ್ಟೇ ಸಾಲದು, ಆಯ್ಕೆಯೂ ಸರಿಯಾಗಿರಬೇಕು ಎಂಬುದಕ್ಕೆ ಇದು ಉತ್ತಮ ಉದಾಹರಣೆ.

ಕೆಲವು ಹಾವುಗಳ ಆಹಾರ ಒಂದೇ ಬಗೆಯದು. ಆಫ್ರಿಕದ ಮೊಟ್ಟೆಹಾವು ಹಕ್ಕಿಯ ಮೊಟ್ಟೆಯನ್ನಲ್ಲದೆ ಬೇರೇನನ್ನೂ ತಿನ್ನದು. ಬೆನ್ನೆಲುಬಿನಿಂದ ಗಂಟಲೊಳಕ್ಕೆ ಚಾಚಿದ ಮುಳ್ಳುಗಳಿಂದ ಮೊಟ್ಟೆಯನ್ನು ಒಡೆದು, ರಸವನ್ನು ನುಂಗಿ, ಚಿಪ್ಪನ್ನು ಉಗುಳುತ್ತದೆ. ನಮ್ಮ ಹೂಕುಂಡಗಳ ಮಣ್ಣಿನಲ್ಲಿ ಕಾಣುವ ಹುಳುಹಾವು ಇರುವೆ ಗೆದ್ದಲುಗಳ ಮೊಟ್ಟೆಮರಿಗಳನ್ನು ತಿನ್ನುತ್ತದೆ. ಕಾಳಿಂಗ ಸರ್ಪವು ಮುಖ್ಯವಾಗಿ ಹಾವುಗಳನ್ನೇ ತಿನ್ನುತ್ತದೆ. ಅದರ ಕುಲನಾಮವಾದ ಓಫಿಯೋಫೇಗಸ್ ಎಂಬುದಕ್ಕೆ ಸರ್ಪಭಕ್ಷಕ ಎಂದೇ ಅರ್ಥ. ೨೦೨೪ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, ಕನ್ನಡ ಜನರ ಬಾಯಲ್ಲಿರುವ ಹೆಸರನ್ನೇ ಅದಕ್ಕೆ ಓಫಿಯೋಫೇಗಸ್ ಕಾಳಿಂಗ ಎಂದು ಇಟ್ಟಿರುವುದು ನಮಗೆ ಸಂತೋಷದ ಸಂಗತಿ. ಕೇರೆಹಾವು, ನಾಗರಹಾವು, ಗುಳಿಮಂಡಲಗಳು ಮಲೆನಾಡಿನ ಕಾಳಿಂಗದ ಆಹಾರ. ಇಂಥ ಪ್ರಾಣಿಯನ್ನು ಸೆರೆಯಲ್ಲಿಡುವ ಮೃಗಾಲಯವು, ಒಂದು ರಕ್ಷಿತ ಪ್ರಾಣಿಯ ಹೊಟ್ಟೆಗಾಗಿ ಬೇರೆ ರಕ್ಷಿತ ಪ್ರಾಣಿಗಳನ್ನು ಬಲಿಕೊಡಬೇಕೆ ಎಂಬ ಇಕ್ಕಟ್ಟಿಗೆ ಸಿಲುಕುತ್ತದೆ. ಸತ್ತ ಇಲಿಯ ಮೈಗೆ ಹಾವಿನ ವಾಸನೆಯನ್ನು ಹತ್ತಿಸಿ ಕಾಳಿಂಗಕ್ಕೆ ಇಲಿಯನ್ನು ರೂಢಿಮಾಡಿಸುವ ಉಪಾಯವನ್ನು ಕೆಲವು ಮೃಗಾಲಯಗಳು ಅನುಸರಿಸಿವೆ.

೫. ಹುಟ್ಟುರುಚಿ

ವಾಸನೆಯ ಈ ಉಪಾಯ ಫಲಿಸುವುದೇಕೆ? ಗಾರ್ಡನ್ ಬರ್ಗ್‌ಹಾರ್ಟ್ ಎಂಬ ಅಮೆರಿಕದ ವಿದ್ವಾಂಸನು ೧೯೬೭ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಡುತ್ತವೆ. ಹುಟ್ಟಿದಾಗಿನಿಂದ ಏನನ್ನೂ ತಿನ್ನದ ಹಾವಿನ ಮರಿಗಳ ಮುಂದೆ, ಬೇರೆ ಬೇರೆ ಪ್ರಾಣಿಗಳ ಮೈಯಿಂದ ತೆಗೆದ ದ್ರವದಲ್ಲಿ ಅದ್ದಿದ ಹತ್ತಿಯನ್ನು ಅವನು ಹಿಡಿದನು. ತಮ್ಮ ಜಾತಿಯ ಸಹಜಾಹಾರವಾದ ಪ್ರಾಣಿಯ ವಾಸನೆ ಬಂದಾಗ ಮರಿಗಳು ಹೆಚ್ಚು ಸಲ ನಾಲಿಗೆ ಚಾಚಿದವು; ಹತ್ತಿಯನ್ನೇ ಕಚ್ಚಿದವು. ಕಲಿಯುವುದಕ್ಕೆ ಮೊದಲೇ ಅವಕ್ಕೆ ತಿಳಿದಿತ್ತು. ೧೯೭೭ರಲ್ಲಿ ಸ್ಟೀವನ್ ಆರ್ನಲ್ಡ್ ಇನ್ನೂ ಸೂಕ್ಷ್ಮವಾದ ಸಂಗತಿಯನ್ನು ತೋರಿಸಿದನು. ಕ್ಯಾಲಿಫೋರ್ನಿಯದ ಕಡಲತೀರದ ಗಾರ್ಟರ್ ಹಾವುಗಳು ಚಿಪ್ಪಿಲ್ಲದ ಬಸವನಹುಳುವನ್ನು ತಿನ್ನುತ್ತವೆ. ಅದೇ ಜಾತಿಯ ಒಳನಾಡಿನ ಹಾವುಗಳ ಹಸುಮರಿಗಳು, ಮುಂದಿಟ್ಟರೂ, ಬಹುಮಟ್ಟಿಗೆ ಅದನ್ನು ಮುಟ್ಟಲಿಲ್ಲ.

ಬಾಲ್ ಪೈಥಾನ್ ಎಂಬ ಆಫ್ರಿಕದ ಚಿಕ್ಕ ಹೆಬ್ಬಾವು ಸೆರೆಯಲ್ಲಿ ತಿಂಗಳುಗಟ್ಟಲೆ ಇಲಿಯನ್ನು ಮುಟ್ಟದೆ ಇರುವುದುಂಟು. ಆಗ್ನೇಯ ನೈಜೀರಿಯದ ಕಾಡುಗಳಲ್ಲಿ ನಡೆದು ೧೯೯೮ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಂಡುಗಳು ಹೆಚ್ಚಾಗಿ ಹಕ್ಕಿಗಳನ್ನೂ ಹೆಣ್ಣುಗಳು ಹೆಚ್ಚಾಗಿ ಸಣ್ಣ ಸಸ್ತನಿಗಳನ್ನೂ ತಿಂದುದು ಕಂಡುಬಂದಿತು; ಚಿಕ್ಕ ಹಾವುಗಳ ಒಲವು ಹಕ್ಕಿಯ ಕಡೆಗೆ, ದೊಡ್ಡವುಗಳದು ಇಲಿಯ ಕಡೆಗೆ. ಹಾಗಿರುವಾಗ, ನಮ್ಮ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಬಿಳಿ ಇಲಿಯನ್ನು ಕಂಡು ಮುಖ ತಿರುಗಿಸಿದ ಹಾವನ್ನು ಹಟಮಾರಿ ಎನ್ನುವುದು ಅನ್ಯಾಯ. ಅದರ ಪೂರ್ವಿಕರ ಕಾಡಿನಲ್ಲಿ ಬಿಳಿ ಇಲಿ ಇರಲಿಲ್ಲ. ಇಲಿಯ ಮೈಗೆ ಕೋಳಿಮರಿಯ ಪುಕ್ಕವನ್ನು ಸವರಿ ಕೊಟ್ಟರೆ ಕೆಲವೊಮ್ಮೆ ಹಾವು ಬಾಯಿ ತೆರೆಯುವುದರ ಗುಟ್ಟು ಇದೇ.

೬. ಜೀವಂತವೋ ಮೃತವೋ?

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಮೃಗಾಲಯದ ಹಾವುಗಳ ಮುಂದೆ ಜೀವಂತ ಮೊಲ, ಹಕ್ಕಿಗಳನ್ನು ಬಿಡುವುದನ್ನು ಕುರಿತು ಇಂಗ್ಲೆಂಡಿನಲ್ಲಿ ತೀವ್ರವಾದ ಆಕ್ಷೇಪಣೆಗಳು ಎದ್ದವು. ಅಂದಿನ ವಾದ ಮುಖ್ಯವಾಗಿ ನೋಡುವವರ ಮನಸ್ಸನ್ನೂ ಬಲಿಯಾಗುವ ಪ್ರಾಣಿಯ ಯಾತನೆಯನ್ನೂ ಕುರಿತದ್ದು. ಹಾವಿನ ಪರವಾಗಿ ವಾದಿಸಿದವರು, ಅದು ಸತ್ತದ್ದನ್ನು ತಿನ್ನದು ಎಂದು ಹೇಳುತ್ತಿದ್ದರು. ಅನುಭವವು ಈ ಮಾತನ್ನು ಸುಳ್ಳುಮಾಡಿದೆ. ನೋವಾಗದಂತೆ ಕೊಂದು, ಮಂಜುಗಟ್ಟಿಸಿ, ಮತ್ತೆ ಕರಗಿಸಿ ಬೆಚ್ಚಗೆ ಮಾಡಿದ ಇಲಿಯನ್ನು ಬಹುತೇಕ ಹಾವುಗಳು ರೂಢಿಯಿಂದ ಸ್ವೀಕರಿಸುತ್ತವೆ.

ಇದರಿಂದ ಹಾವಿಗೂ ಕ್ಷೇಮ. ಹಸಿವಿಲ್ಲದ ಹಾವಿನೊಡನೆ ರಾತ್ರಿಯೆಲ್ಲ ಬಿಟ್ಟ ಜೀವಂತ ಇಲಿಯು ಹಾವಿನ ಬೆನ್ನನ್ನೇ ಎಲುಬು ಕಾಣುವಂತೆ ಕಡಿದ ಪ್ರಸಂಗಗಳು ಪಶುವೈದ್ಯರಿಗೆ ಹೊಸವಲ್ಲ. ಕಾಡಿನ ಹಾವು ಬೇಟೆಯನ್ನು ತಪ್ಪಿಸಿಕೊಂಡು ಹೋಗಬಹುದು. ಪೆಟ್ಟಿಗೆಯ ಹಾವಿಗೆ ಹೋಗಲು ಎಡೆಯಿಲ್ಲ. ಹಿಡಿದು ತಂದ ಕಾಡುಕಪ್ಪೆ, ಹಲ್ಲಿ, ಬೀದಿಯ ಇಲಿಗಳಲ್ಲಿ ಪರೋಪಜೀವಿಗಳೂ, ಇಲಿಪಾಷಾಣದ ಶೇಷವೂ ಇರಬಹುದು, ಅವನ್ನು ಕೊಡಲೇಬಾರದು.

ಮಂಜುಗಟ್ಟಿಸಿದ ಇಲಿಗೂ ಅದರದೇ ನಿಯಮಗಳುಂಟು. ಅದನ್ನು ಶೀತಪೆಟ್ಟಿಗೆಯಲ್ಲಿ ನಿಧಾನವಾಗಿ ಕರಗಿಸಿ, ಬಳಿಕ ಬಿಸಿನೀರಿನಲ್ಲಿಟ್ಟು ಜೀವಂತ ಇಲಿಯ ಮೈಬಿಸಿಯಷ್ಟಕ್ಕೆ, ಅಂದರೆ ೩೭–೩೮ ಡಿಗ್ರಿಗೆ ತರಬೇಕು. ಮೈಕ್ರೋವೇವ್ ಒಲೆಯಲ್ಲಿ ಬಿಸಿಮಾಡಿದರೆ ಒಳಗೆ ಕುದಿದು ಹೊರಗೆ ತಣ್ಣಗೆ ಉಳಿಯಬಹುದು. ಬಹುಕಾಲ ಇಟ್ಟ ಇಲಿಯಲ್ಲಿ ಇ ಜೀವಸತ್ವ ಕ್ಷೀಣಿಸುತ್ತದೆ, ಕೊಬ್ಬು ಮುಗ್ಗುತ್ತದೆ. ಸಾಲ್ಮೊನೆಲ್ಲ ಎಂಬ ರೋಗಾಣುವು ಮಂಜಿನಲ್ಲಿ ಸಾಯುವುದಿಲ್ಲ. ೨೦೦೦ರ ದಶಕದ ಕೊನೆಯ ವರ್ಷಗಳಲ್ಲಿ ಬ್ರಿಟನ್ನಿನಲ್ಲಿಯೂ, ಬಳಿಕ ಅಮೆರಿಕದಲ್ಲಿಯೂ, ಹಾವುಗಳಿಗಾಗಿ ಮಾರುತ್ತಿದ್ದ ಇಂಥ ಇಲಿಗಳಿಂದ ಜನರಿಗೆ, ಅದರಲ್ಲಿಯೂ ಮಕ್ಕಳಿಗೆ, ಸೋಂಕು ಹರಡಿತು. ಆದ್ದರಿಂದ ಹಾವಿನ ಆಹಾರವನ್ನು ಮನೆಯ ಆಹಾರದೊಡನೆ ಇಡಬಾರದು. ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು.

೭. ಪ್ರಮಾಣ ಮತ್ತು ಹೊಣೆ

ಪ್ರಮಾಣದ ವಿಷಯದಲ್ಲಿ ಸಾಮಾನ್ಯ ಸೂತ್ರ ಸರಳವಾದದ್ದು. ಬೇಟೆಯು ಹಾವಿನ ಮೈಯ ಅತಿ ದಪ್ಪನೆಯ ಭಾಗದಷ್ಟು ದಪ್ಪವಿದ್ದರೆ ಸಾಕು. ಬೆಳೆಯುವ ಮರಿಗೆ ವಾರಕ್ಕೊಮ್ಮೆ, ಬೆಳೆದ ಹಾವಿಗೆ ಎರಡು ವಾರಕ್ಕೊಮ್ಮೆ ಅಥವಾ ಇನ್ನೂ ವಿರಳವಾಗಿ ಊಟ. ಉಂಡ ಹಾವನ್ನು ಎರಡು ದಿನ ಮುಟ್ಟಬಾರದು. ಕುಡಿಯಲು ಶುದ್ಧವಾದ ನೀರು ಯಾವಾಗಲೂ ಇರಬೇಕು. ನಮ್ಮ ಸಂಸ್ಕೃತಿಯಲ್ಲಿ ಅತಿಥಿಗೆ ಮತ್ತೆ ಮತ್ತೆ ಬಡಿಸುವುದು ಪ್ರೀತಿಯ ಗುರುತು. ಹಾವಿನ ವಿಷಯದಲ್ಲಿ ಅದು ಯಕೃತ್ತಿನಲ್ಲಿ ಕೊಬ್ಬು ತುಂಬುವುದಕ್ಕೆ ದಾರಿ.

ಇನ್ನೊಂದು ಲೆಕ್ಕವನ್ನು ನಾವು ಓದುಗರ ಮುಂದೆ ಇಡಬಯಸುತ್ತೇವೆ. ಸೆರೆಯಲ್ಲಿ ಚೆನ್ನಾಗಿ ಪೋಷಿತವಾದ ಬಾಲ್ ಪೈಥಾನ್ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಎರಡು ವಾರಕ್ಕೊಂದರಂತೆ ಹಿಡಿದರೂ ವರ್ಷಕ್ಕೆ ೨೬, ಇಪ್ಪತ್ತೈದು ವರ್ಷಕ್ಕೆ ೬೫೦ ಪ್ರಾಣಿಗಳು ಅದಕ್ಕೆ ಬೇಕು. ಕಾಡಿನ ಹಾವು ತಿಂದರೆ ಅದು ಪ್ರಕೃತಿಯ ವ್ಯಾಪಾರ. ಮನೆಯ ಹಾವು ತಿಂದರೆ ಅಷ್ಟು ಪ್ರಾಣಿಗಳ ಬಾಳು ಮತ್ತು ಸಾವು ಸಾಕುವವನ ಲೆಕ್ಕಕ್ಕೆ ಸೇರುತ್ತದೆ. ಆ ಇಲಿಗಳು ಹೇಗೆ ಬೆಳೆದವು, ಏನನ್ನು ತಿಂದವು, ಹೇಗೆ ಸತ್ತವು ಎಂಬುದು ಅವನು ಕೇಳಿಕೊಳ್ಳಲೇಬೇಕಾದ ಪ್ರಶ್ನೆ. ಕೆಟ್ಟ ಆಹಾರದಿಂದ ಬೆಳೆದ ಇಲಿಯು ಹಾವಿಗೂ ಕೆಟ್ಟ ಆಹಾರವೇ.

ಕಾನೂನಿನ ಕಡೆಯಿಂದಲೂ ಹೊಣೆ ಹೆಚ್ಚಿದೆ. ನಮ್ಮ ನಾಡಿನ ಹಾವುಗಳ ಮಾತನ್ನು ಮೇಲೆಯೇ ಹೇಳಿದೆವು. ೨೦೨೨ರ ತಿದ್ದುಪಡಿಯು ಹೊರನಾಡಿನ ರಕ್ಷಿತ ಪ್ರಭೇದಗಳನ್ನೂ ಅಧಿನಿಯಮದ ವ್ಯಾಪ್ತಿಗೆ ತಂದಿತು. ಅದರ ಅನ್ವಯ ೨೦೨೪ರಲ್ಲಿ ಬಂದ ನಿಯಮಗಳ ಪ್ರಕಾರ, ಬಾಲ್ ಪೈಥಾನಿನಂಥ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು. ಆದರೆ ನೋಂದಣಿಯ ಪತ್ರವು ಹಾವಿನ ಹೊಟ್ಟೆಯನ್ನು ತುಂಬಲಾರದು.

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯ ಇಷ್ಟು. ಹಸಿದ ನಾಯಿ ಬೊಗಳುತ್ತದೆ, ಹಸಿದ ದನ ಅಂಬಾ ಎನ್ನುತ್ತದೆ. ಹಾವಿಗೆ ದನಿಯಿಲ್ಲ, ಅದು ತಿಂಗಳುಗಟ್ಟಲೆ ಉಪವಾಸವಿರಬಲ್ಲದು, ಅದರ ಕಷ್ಟವು ನಮಗೆ ಕಾಣುವ ಹೊತ್ತಿಗೆ ಹಲವು ವೇಳೆ ಕಾಲ ಮೀರಿರುತ್ತದೆ. ಇಂಥ ಮೂಕಪ್ರಾಣಿಯ ವಿಷಯದಲ್ಲಿ ಭಕ್ತಿಯಾಗಲಿ ಮಮತೆಯಾಗಲಿ ತಿಳಿವಳಿಕೆಯ ಸ್ಥಾನವನ್ನು ತುಂಬಲಾರವು. ಹಾಲೆರೆದವನೂ ಮಾಂಸದ ತುಂಡನ್ನು ಎಸೆದವನೂ ತಮಗೆ ತಿಳಿದದ್ದನ್ನು ಕೊಟ್ಟರು. ವಾಲ್‌ನಂಥವರು ಹಾವಿಗೆ ಬೇಕಾದುದು ಏನೆಂದು ಮೊದಲು ನೋಡಿದರು. ಆನೆ ಕುದುರೆಗಳಿಗೆ ಆಹಾರವನ್ನು ಅಳೆದು ಬರೆದಿಟ್ಟ ನಾಡು ಇದು. ಆ ಎಚ್ಚರಿಕೆಯನ್ನು ಹಾವಿನವರೆಗೂ ಒಯ್ಯುವುದು ಈ ಕಾಲದ ಕರ್ತವ್ಯ. ಅಷ್ಟು ಮಾಡಲಾರದವನು ಹಾವನ್ನು ಅದರ ಪಾಡಿಗೆ ಬಿಟ್ಟರೆ, ಅದೂ ಒಂದು ಬಗೆಯ ಪೋಷಣೆಯೇ ಸರಿ.